ಕಪಾಟು ಮೊದಲು ಬರೀ ಬಾಗಿಲಾಗಿತ್ತು

ಕಪಾಟು ಇಂಗ್ಲಿಷ್ ಪದ ಅಂತ ನಾನು ಬಹಳ ವರ್ಷ ನಂಬಿದ್ದೆ. ಕಪ್‌ಬೋರ್ಡ್ ಎನ್ನುವುದು ಬಾಯಿಂದ ಬಾಯಿಗೆ ಸವೆದು ಕಪಾಟು ಆಗಿದೆ ಎಂದು ಯಾರೋ ಹೇಳಿದ್ದರು. ಸದ್ದು ಹೊಂದುತ್ತಿತ್ತು, ಅರ್ಥವೂ ಹೊಂದುತ್ತಿತ್ತು. ನಂಬದೇ ಇರುವುದಕ್ಕೆ ಕಾರಣವೇ ಇರಲಿಲ್ಲ. ನಾನೂ ನಾಲ್ಕು ಜನಕ್ಕೆ ಹೇಳಿ ಜಾಣ ಅನ್ನಿಸಿಕೊಂಡೆ.

ಅದು ಪೂರ್ತಿ ತಪ್ಪು. ಸಂಸ್ಕೃತದಲ್ಲಿ ಕಪಾಟ ಎಂದರೆ ಬಾಗಿಲಿನ ಕದ. ಇಂಗ್ಲಿಷ್ ಮಾತು ಈ ಕಡೆ ಸುಳಿಯುವುದಕ್ಕೆ ಎಷ್ಟೋ ಶತಮಾನ ಮೊದಲೇ ಇದ್ದ ಪದ. ಹಿಂದಿಯಲ್ಲಿ ಇವತ್ತಿಗೂ ಗುಡಿಯ ಬಾಗಿಲಿಗೆ ಕಪಾಟ್ ಎನ್ನುತ್ತಾರೆ. ಮರಾಠಿಯಲ್ಲಿ, ನಮ್ಮಲ್ಲಿ, ಅದು ಬಾಗಿಲಿನಿಂದ ಜಾರಿ ಬಾಗಿಲಿರುವ ಸಾಮಾನಿಗೆ ಹೆಸರಾಯಿತು. ಗೋಡೆಯ ಗೂಡಿಗೆ ಒಂದು ಜೊತೆ ಕದ ಕೂರಿಸಿದರೆ ಎದ್ದು ಕಾಣುವುದು ಕದ ತಾನೇ? ಅದರ ಹೆಸರೇ ಇಡೀ ಗೂಡಿಗೆ ಅಂಟಿಕೊಂಡಿತು.

ಕಪ್‌ಬೋರ್ಡ್ ಕಥೆ ಇದಕ್ಕೆ ಉಲ್ಟಾ. ಅದು ಕಪ್ಪುಗಳನ್ನು ಜೋಡಿಸಿಡುವ ಬೋರ್ಡು, ಅಂದರೆ ಹಲಗೆ. ಶುರುವಿನಲ್ಲಿ ಅದಕ್ಕೆ ಬಾಗಿಲೇ ಇರಲಿಲ್ಲ. ಹಲಗೆಗೆ ಆಮೇಲೆ ಪಕ್ಕಗಳು ಬಂದವು, ಬಾಗಿಲು ಬಂತು, ಹೆಸರು ಮಾತ್ರ ಹಲಗೆಯದ್ದೇ ಉಳಿಯಿತು. ಒಂದು ಕಡೆ ಬರೀ ಬಾಗಿಲು, ಇನ್ನೊಂದು ಕಡೆ ಬರೀ ಹಲಗೆ. ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದು ಒಂದೇ ಸಾಮಾನಿನ ಮುಂದೆ ನಿಂತಿವೆ. ಸದ್ದು ಕೂಡಿಬಂದದ್ದು ಸುಮ್ನೆ ಆಕಸ್ಮಿಕ.

ಕಪಾಟಕ್ಕೆ ಸಂಸ್ಕೃತದಲ್ಲಿ ಇನ್ನೊಂದು ರೂಪ ಇದೆ: ಕವಾಟ. ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೃದಯದ ಕವಾಟ. ರಕ್ತವನ್ನು ಒಂದೇ ದಿಕ್ಕಿಗೆ ಬಿಟ್ಟು, ಹಿಂದಕ್ಕೆ ಬರದ ಹಾಗೆ ಮುಚ್ಚಿಕೊಳ್ಳುವ ನಾಲ್ಕು ಪುಟ್ಟ ಬಾಗಿಲುಗಳು. ಇಂಗ್ಲಿಷಿನ ವಾಲ್ವ್ ಕೂಡ ಲ್ಯಾಟಿನ್ನಿನ ವಾಲ್ವಾದಿಂದ ಬಂದದ್ದು. ಅದರ ಅರ್ಥವೂ ಬಾಗಿಲ ಕದವೇ. ಬಟ್ಟೆ ಇಡುವ ಕಪಾಟಿಗೂ ಎದೆಯೊಳಗಿನ ಕವಾಟಕ್ಕೂ ಒಂದೇ ಹೆಸರು.

ಸದ್ದು ನಂಬಿ ಮೋಸಹೋಗುವ ಇನ್ನೊಂದು ಪದ ಗೋದಾಮು. ಇಂಗ್ಲಿಷಿನ ಗೋಡೌನ್ ಎಂದರೆ ಸಾಮಾನು ಕೆಳಗೆ ಇಳಿಸುವ ಜಾಗ, 'ಗೋ' ಮತ್ತು 'ಡೌನ್' ಸೇರಿ ಆದದ್ದು ಎಂದು ವಿವರಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಇಂಗ್ಲಿಷಿಗೆ ಅದು ಸಿಕ್ಕಿದ್ದು ಮಲಯ ಭಾಷೆಯ ಗುದಾಂಗ್ ಪದದಿಂದ. ಮಲಯಕ್ಕೆ ಅದು ಹೋದದ್ದು ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿಯ ಬಳಗದಿಂದ. ದಕ್ಷಿಣ ಭಾರತದ ಉಗ್ರಾಣದ ಹೆಸರು ಹಡಗು ಹತ್ತಿ ಸಮುದ್ರ ದಾಟಿ, ಅಲ್ಲಿ ವ್ಯಾಪಾರಿಗಳ ಬಾಯಿಗೆ ಬಿದ್ದು, ವೇಷ ಬದಲಿಸಿಕೊಂಡು ವಾಪಸ್ ಬಂತು. ನಾವು ಅದನ್ನು ವಿದೇಶಿ ಅಂದುಕೊಂಡು ಸ್ವಾಗತಿಸಿದೆವು.

ಹಾಗಾದರೆ ಯಾವ ಕಥೆ ನಿಜ, ಯಾವುದು ಕಟ್ಟಿದ್ದು ಅಂತ ತಿಳಿಯುವುದು ಹೇಗೆ? ಮೂರು ಪ್ರಶ್ನೆ ಕೇಳಿದರೆ ಬಹುತೇಕ ಗೊತ್ತಾಗುತ್ತದೆ. ಆ ಪದ ಎಷ್ಟು ಹಳೆಯದು? ಅಕ್ಕಪಕ್ಕದ ಭಾಷೆಗಳಲ್ಲಿ ಅದರ ಅಣ್ಣತಮ್ಮಂದಿರು ಯಾರು? ಹಳೆಯ ಅರ್ಥದಿಂದ ಈಗಿನ ಅರ್ಥಕ್ಕೆ ಹೆಜ್ಜೆ ಹೆಜ್ಜೆಯಾಗಿ ದಾರಿ ಇದೆಯಾ? ಈ ಮೂರಕ್ಕೆ ಉತ್ತರ ಇಲ್ಲದೆ ಬರೀ ಸದ್ದು ಹೊಂದಿದರೆ ಆ ಕಥೆಯನ್ನು ಪಕ್ಕಕ್ಕಿಡುವುದೇ ಒಳ್ಳೆಯದು.

ಇಂಥ ಹತ್ತಾರು ಪದಗಳ ಬೆನ್ನು ಹತ್ತಿದ ಮೇಲೆ ನನಗೆ ಒಂದು ವಿಷಯ ಕಂಡಿತು. ಡಬ್ಬಿಯಲ್ಲಿ ನಮಗೆ ಬೇಕಾದದ್ದು ಒಳಗಿನ ಖಾಲಿ ಜಾಗ. ಆದರೆ ಹೆಸರು ಇಡುವಾಗ ಆ ಖಾಲಿ ಜಾಗದ ಕಡೆ ಜನ ನೋಡುವುದು ಕಡಿಮೆ. ಕಣ್ಣಿಗೆ ಬಿದ್ದ ಬಾಗಿಲು, ಮುಟ್ಟಿದ ಮರ, ಕಟ್ಟಿದ ಗಂಟು, ಕೆಳಗಿನ ಗಾಲಿ, ಇಂಥದ್ದನ್ನೇ ಹಿಡಿಯುತ್ತಾರೆ. ಆಮೇಲೆ ಆ ಹೆಸರು ಒಳಗಿರುವ ವಸ್ತುವಿಗೆ ಹರಿಯುತ್ತದೆ. ಅಲ್ಲಿಂದ ಹಣಕ್ಕೆ, ಹೊತ್ತಿಗೆ, ಕೊನೆಗೆ ಮನುಷ್ಯರಿಗೂ.

ಮರ, ಗಾಲಿ, ಗಂಟು

ಬಾಕ್ಸ್ ಒಂದು ಮರದ ಹೆಸರು. ಗ್ರೀಕರು ಪುಕ್ಸೋಸ್, ರೋಮನ್ನರು ಬುಕ್ಸುಸ್ ಎಂದು ಕರೆಯುತ್ತಿದ್ದ ಒಂದು ಗಟ್ಟಿ, ತಿಳಿ ಬಣ್ಣದ ಮರ. ಅದನ್ನು ಕೊರೆದು ಸಣ್ಣ ಡಬ್ಬಿ ಮಾಡುತ್ತಿದ್ದರು. ಇವತ್ತು ರಟ್ಟಿನ ಬಾಕ್ಸು, ಪ್ಲಾಸ್ಟಿಕ್ ಬಾಕ್ಸು ಎಂದು ನಾವು ಹೇಳುವಾಗ ಆ ಮರ ಎಲ್ಲೂ ಇಲ್ಲ.

ಅಲಮಾರು ನಮಗೆ ಪೋರ್ಚುಗೀಸರು ಕೊಟ್ಟದ್ದು. ಅವರ ಭಾಷೆಯಲ್ಲಿ ಅದು ಅರ್ಮಾರಿಯು. ಅದರ ಹಿಂದೆ ಲ್ಯಾಟಿನ್ನಿನ ಅರ್ಮಾರಿಯುಮ್, ಅದರ ಬೇರು ಅರ್ಮಾ, ಅಂದರೆ ಆಯುಧ, ಸಲಕರಣೆ. ಕತ್ತಿ ಗುರಾಣಿ ಇಡುವ ಜಾಗಕ್ಕೆ ಸೇರಿದ ಪದದಲ್ಲಿ ನಾವು ಇಸ್ತ್ರಿ ಮಾಡಿದ ಬಟ್ಟೆ ಜೋಡಿಸುತ್ತೇವೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು ನೆಲೆಯೂರಿದವರು. ಅವರ ಬಳಿಯಿಂದ ಬಾಲ್ದಿ ಬಂತು, ಪೀಪಾಯಿ ಬಂತು, ಚಾವಿಯೂ ಬಂತು. ಸಾಮಾನು ಕೊಟ್ಟವರು ಬೀಗದ ಕೈಯನ್ನೂ ಕೊಟ್ಟರು ಅನ್ನಬೇಕು. ಅಂದಹಾಗೆ 'ಬೀಗದ ಕೈ' ಎಂಬ ಕನ್ನಡದ ಮಾತೇ ನನಗೆ ಜಾಸ್ತಿ ಇಷ್ಟ. ಬೀಗಕ್ಕೂ ಒಂದು ಕೈ ಇದೆ ಅಂತ ಅಂದುಕೊಂಡ ಮೊದಲ ಮನುಷ್ಯ ಯಾರೋ!

ರೈಲಿನ ಬೋಗಿಯದ್ದು ಇನ್ನೂ ತಮಾಷೆ. ಇಂಗ್ಲಿಷಿನಲ್ಲಿ ಬೋಗಿ ಎಂದರೆ ರೈಲು ಡಬ್ಬಿಯ ಕೆಳಗೆ ಇರುವ ಗಾಲಿಗಳ ಚೌಕಟ್ಟು. ತಿರುವಿನಲ್ಲಿ ಅದು ಹಳಿಗೆ ತಕ್ಕ ಹಾಗೆ ತಾನೂ ತಿರುಗುತ್ತದೆ. ಜನ ಕೂರುವುದು ಅದರ ಮೇಲಿರುವ ಡಬ್ಬಿಯಲ್ಲಿ. ಆದರೆ ನಮ್ಮ ಮಾತಿನಲ್ಲಿ ಗಾಲಿಯ ಹೆಸರು ಮೇಲಕ್ಕೆ ಹತ್ತಿ ಕೂತುಬಿಟ್ಟಿತು. ನಾವು 'ಬೋಗಿ ಹತ್ತಿದೆ' ಅಂದರೆ ರೈಲ್ವೆ ಎಂಜಿನಿಯರ್ ಒಬ್ಬರು ಗಾಬರಿಯಾಗಬಹುದು.

ಇವೆಲ್ಲಕ್ಕಿಂತ ಸರಳವಾದದ್ದು ಗಂಟು. ಒಂದು ಬಟ್ಟೆ ಹಾಸಿ. ಸಾಮಾನನ್ನು ನಡುವೆ ಇಡಿ. ಎದುರುಬದುರಿನ ಎರಡು ಮೂಲೆ ಎಳೆದು ಕಟ್ಟಿ, ಉಳಿದೆರಡನ್ನು ಅದರ ಮೇಲೆ ಬಿಗಿಯಿರಿ. ಇಷ್ಟೇ. ಈಗ ನಿಮ್ಮ ಕೈಯಲ್ಲಿ ಒಂದು ಚೀಲ ಇದೆ. ಬಿಚ್ಚಿದರೆ ಚೀಲ ಮಾಯ, ಬರೀ ಬಟ್ಟೆ. ಇಲ್ಲಿ ಚೀಲವನ್ನು ಚೀಲ ಮಾಡಿದ್ದು ಆ ಒಂದು ಗಂಟು. ಅದಕ್ಕೇ ಕಟ್ಟಿಗೂ ಗಂಟು ಎಂದೇ ಹೆಸರು, ಕಟ್ಟಿದ ಮೂಟೆಗೂ ಗಂಟು ಎಂದೇ ಹೆಸರು. ಅಷ್ಟಕ್ಕೇ ನಿಲ್ಲಲಿಲ್ಲ. ಒಳಗೆ ಕೂಡಿಟ್ಟ ಹಣವೂ ಗಂಟಾಯಿತು. 'ನಿಮ್ಮಪ್ಪನ ಗಂಟೇನು ಹೋಗುತ್ತೆ?' ಎಂದು ಜಗಳ ತೆಗೆಯುವವರು ಬಟ್ಟೆಯ ಮಾತಾಡುತ್ತಿಲ್ಲ. ಒಮ್ಮೆಗೇ ಕೊಡುವ ಮೊತ್ತಕ್ಕೆ ಪತ್ರಿಕೆಗಳು ಇಡಿಗಂಟು ಎಂದು ಬರೆಯುತ್ತವೆ. ಕಟ್ಟಿನಿಂದ ಮೂಟೆಗೆ, ಮೂಟೆಯಿಂದ ಹಣಕ್ಕೆ. ಮೂರು ಹೆಜ್ಜೆ, ಮೂರೂ ಕಣ್ಣ ಮುಂದೆ ಇವೆ.

ಮಡಿಸಿದ ಎಲೆಯಿಂದ ಮಂತ್ರಿಮಂಡಲದವರೆಗೆ

ಪುಸ್ತಕದ ಹಾಳೆಗೆ ಪುಟ ಎನ್ನುತ್ತೇವೆ. ಪುಟ ಎಂದರೆ ಮೂಲದಲ್ಲಿ ಮಡಿಕೆ, ಮಡಿಸಿದಾಗ ಆಗುವ ಟೊಳ್ಳು. ಎಲೆಯನ್ನು ಮಡಿಸಿ ಬಟ್ಟಲ ಹಾಗೆ ಮಾಡಿದರೆ ಅದು ಪುಟ. ಎರಡು ಕೈ ಕೂಡಿಸಿ ಬೊಗಸೆ ಮಾಡಿದರೆ ಕರಪುಟ. ಮೂಗಿನ ಹೊಳ್ಳೆ ನಾಸಾಪುಟ.

ಈಗ ಇಂಥ ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಸೇರಿಸಿ ಮುಚ್ಚಿದರೆ? ಅದು ಸಂಪುಟ. ಅಂದರೆ ಮುಚ್ಚಳ ಇರುವ ಡಬ್ಬಿ. ಹಳೆಯ ರಸವೈದ್ಯರು ಮಣ್ಣಿನ ಎರಡು ತಟ್ಟೆಗಳ ನಡುವೆ ಲೋಹವನ್ನೋ ಔಷಧವನ್ನೋ ಇಟ್ಟು, ಅಂಚಿಗೆ ಮಣ್ಣು ಮೆತ್ತಿ, ಬೆಂಕಿಯಲ್ಲಿ ಸುಡುತ್ತಿದ್ದರು. ಹಾಗೆ ಸುಡುವುದಕ್ಕೆ ಪುಟ ಹಾಕುವುದು ಎಂದೇ ಹೆಸರು. 'ಪುಟಕ್ಕಿಟ್ಟ ಚಿನ್ನ' ಎಂಬ ಮಾತಿನಲ್ಲಿರುವ ಪುಟ ಇದೇ. ಹಾಳೆಗೂ ಅದಕ್ಕೂ ಏನು ಸಂಬಂಧ ಅಂತ ಚಿಕ್ಕಂದಿನಲ್ಲಿ ನನಗೆ ಬಹಳ ಗೊಂದಲ ಇತ್ತು. ಚಿನ್ನವನ್ನು ಪುಸ್ತಕದೊಳಗೆ ಬಚ್ಚಿಡುತ್ತಿದ್ದರೇನೋ ಅಂದುಕೊಂಡಿದ್ದೆ.

ಪುಟಗಳೆಲ್ಲ ಸೇರಿ ಒಂದು ಕಟ್ಟಾದರೆ ಅದೂ ಸಂಪುಟ: ಮೊದಲನೆಯ ಸಂಪುಟ, ಎರಡನೆಯ ಸಂಪುಟ. ಪುಸ್ತಕದ ಲೋಕವೇ ಹೀಗೆ, ಪೂರ್ತಿ ಮೂಟೆ ಕಟ್ಟುವವರ ಭಾಷೆ. ಗ್ರಂಥ ಎಂದರೆ ದಾರದಿಂದ ಕಟ್ಟಿದ್ದು. ಬೌದ್ಧರ ತ್ರಿಪಿಟಕ ಎಂದರೆ ಮೂರು ಬುಟ್ಟಿ: ವಿನಯ, ಸುತ್ತ, ಅಭಿಧಮ್ಮ. ಪಿಟಕಕ್ಕೂ ನಮ್ಮ ಪೆಟ್ಟಿಗೆಗೂ ಸಂಸ್ಕೃತದ ಪೇಟಿಕಾ, ತಮಿಳಿನ ಪೆಟ್ಟಿ, ಹಿಂದಿಯ ಪೇಟಿ ಇವಕ್ಕೂ ಮುಖಚಹರೆ ಒಂದೇ.

ಸಂಪುಟ ಮಂತ್ರಿಗಳ ಹತ್ತಿರ ಹೋದದ್ದು ಹೇಗೆ? ಇಂಗ್ಲಿಷಿನ ಕ್ಯಾಬಿನೆಟ್ ಮೊದಲು ಒಂದು ಪುಟ್ಟ ಖಾಸಗಿ ಕೋಣೆ. ರಾಜ ತನ್ನ ಆಪ್ತ ಸಲಹೆಗಾರರ ಜೊತೆ ಅಂಥ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದ. ಕೋಣೆಯ ಹೆಸರು ಒಳಗೆ ಕೂತವರಿಗೆ ಬಂತು. ಅದೇ ಪದ ಖಾನೆಗಳಿರುವ ಬೀರುವಿಗೂ ಹೆಸರಾಯಿತು. ಕನ್ನಡಕ್ಕೆ ಅದನ್ನು ತರುವಾಗ ಸಚಿವ ಸಂಪುಟ ಎಂದರು. ಕೋಣೆ ಅಲ್ಲ, ಬೀರು ಅಲ್ಲ, ಮುಚ್ಚಳದ ಡಬ್ಬಿ! ಒಳಗೆ ನಡೆದದ್ದು ಹೊರಗೆ ಕೇಳಬಾರದು ಎಂಬ ಅರ್ಥದಲ್ಲಿ ನೋಡಿದರೆ ಇದು ಇಂಗ್ಲಿಷಿಗಿಂತ ಚೆನ್ನಾಗಿಯೇ ಕೂತಿದೆ ಎಂದು ನನ್ನ ಅನಿಸಿಕೆ.

ಮನೆಯೊಳಗೆ ಮನೆ

ಖಾಲಿ ಜಾಗಕ್ಕೆ ನೇರವಾಗಿ ಹೆಸರಿಟ್ಟ ಪದಗಳೂ ಇವೆ. ಆಗ ಜನ ಹೋಗುವುದು ಒಂದೇ ಕಡೆಗೆ, ಮನೆಗೆ.

ಖಾನೆ ಪಾರಸಿ ಪದ. ಖಾನಾ ಎಂದರೆ ಮನೆ. ಕಾರ್ ಎಂದರೆ ಕೆಲಸ, ಕೆಲಸದ ಮನೆ ಕಾರಖಾನೆ. ಔಷಧದ ಮನೆ ದವಾಖಾನೆ. ಬಂದಿಗಳ ಮನೆ ಬಂದೀಖಾನೆ. ಇಷ್ಟು ದೊಡ್ಡ ದೊಡ್ಡ ಕಟ್ಟಡಗಳನ್ನು ಹೊತ್ತ ಪದವೇ ಕುಗ್ಗಿ ಮೇಜಿನ ಖಾನೆಯಾಯಿತು, ಪರ್ಸಿನ ಖಾನೆಯಾಯಿತು, ಅರ್ಜಿಯಲ್ಲಿ ಹೆಸರು ತುಂಬುವ ಚೌಕವಾಯಿತು. ಚದುರಂಗದ ಚೌಕಕ್ಕೆ ಪಾರಸಿಯಲ್ಲಿ ಖಾನಾ ಎಂದೇ ಹೇಳುತ್ತಾರೆ. ನಾವು ಪಾರಸಿ ಕೇಳದೆಯೇ ಮನೆ ಎನ್ನುತ್ತೇವೆ. ಕುದುರೆ ಎರಡೂವರೆ ಮನೆ ಹಾರುತ್ತದೆ. ಅರ್ಧ ಮನೆ ಎಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಕೊಠಡಿಯ ಹಿಂದೆ ಇರುವುದು ಸಂಸ್ಕೃತದ ಕೋಷ್ಠ. ಅದು ಧಾನ್ಯ ತುಂಬುವ ಕಣಜ, ಒಳಕೋಣೆ, ಹೊಟ್ಟೆ, ಮೂರೂ ಹೌದು. ಏನೋ ಒಂದನ್ನು ತುಂಬಿಡುವ ಒಳಜಾಗ ಎಂಬುದೇ ಮೂರರ ನಂಟು. ಆಯುರ್ವೇದದವರು ಮಲಬದ್ಧತೆಗೆ ಕೋಷ್ಠಬದ್ಧತೆ ಎನ್ನುವುದು ಹೊಟ್ಟೆಯ ಅರ್ಥದಲ್ಲಿ. ಪಠ್ಯಪುಸ್ತಕದಲ್ಲಿ ಅಂಕಿಅಂಶ ತುಂಬಿದ ಕೋಷ್ಠಕ ಇರುತ್ತದಲ್ಲ, ಅದು ಪುಟ್ಟ ಪುಟ್ಟ ಕೋಣೆಗಳ ಸಾಲು. ಒಂದೊಂದು ಕೋಣೆಯಲ್ಲಿ ಒಂದೊಂದು ಅಂಕಿ ವಾಸ ಮಾಡುತ್ತದೆ.

ಸೆಲ್ ಕೂಡ ಕೋಣೆಯೇ. ಲ್ಯಾಟಿನ್ನಿನ ಸೆಲ್ಲಾ ಎಂದರೆ ಸಣ್ಣ ಕೋಣೆ. ಸನ್ಯಾಸಿಯ ಕೋಣೆ, ಸೆರೆಮನೆಯ ಕೋಣೆ, ಜೇನುತಟ್ಟಿಯ ಕಣ್ಣು, ಎಲ್ಲಕ್ಕೂ ಇದೇ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದ ಕೆಳಗೆ ಬಿರಡೆಯ ತೆಳು ಹೋಳೊಂದನ್ನು ಇಟ್ಟು ನೋಡಿದ. ಜೇನುಗೂಡಿನ ಹಾಗೆ ಸಾಲು ಸಾಲು ಕಿಂಡಿ ಕಂಡವು. ಸೆಲ್ ಎಂದು ಬರೆದ. ಬಿರಡೆ ಮಾಡುವುದು ಮರದ ತೊಗಟೆಯಿಂದ, ಹಾಗಾಗಿ ಅವನು ನೋಡಿದ್ದು ಸತ್ತ ತೊಗಟೆ. ಒಳಗಿನ ಜೀವದ್ರವ್ಯ ಯಾವತ್ತೋ ಒಣಗಿಹೋಗಿತ್ತು, ಉಳಿದದ್ದು ಗೋಡೆ ಮಾತ್ರ. ಜೀವದ ಮೂಲ ಘಟಕಕ್ಕೆ ಖಾಲಿ ಕೋಣೆಯ ಹೆಸರು ಬಿದ್ದದ್ದು ಹೀಗೆ. ಮೊಬೈಲಿಗೆ ಸೆಲ್ ಫೋನ್ ಎನ್ನುವುದೂ ಇದೇ ಚಿತ್ರದಿಂದ. ನೆಲವನ್ನೆಲ್ಲ ಕೋಣೆಗಳ ಹಾಗೆ ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಗೋಪುರ ನಿಲ್ಲಿಸಿದ ಜಾಲ ಅದು.

ನಾವು ಸೆಲ್ಲನ್ನು ಜೀವಕೋಶ ಎಂದೆವು. ಕೋಶ ಎಂದರೆ ಒರೆ, ಮೊಗ್ಗು, ರೇಷ್ಮೆಹುಳದ ಗೂಡು, ಬೊಕ್ಕಸ. ರೇಷ್ಮೆಗೆ ಕೌಶೇಯ ಎಂಬ ಹೆಸರು ಬಂದದ್ದು ಆ ಗೂಡಿನಿಂದ. ಕತ್ತಿಯ ಸುತ್ತ, ಹೂವಿನ ಸುತ್ತ, ಹುಳದ ಸುತ್ತ, ಚಿನ್ನದ ಸುತ್ತ ಇರುವ ಹೊದಿಕೆ ಅದು. ಯಾವಾಗಲೂ ಒಳಗೊಂದು ಬೆಲೆಬಾಳುವ ವಸ್ತು ಇದ್ದೇ ಇರುತ್ತದೆ. ಶಬ್ದಕೋಶ, ವಿಶ್ವಕೋಶ, ಕೋಶಾಧಿಕಾರಿ ಎಲ್ಲದರಲ್ಲೂ ಈ ಅರ್ಥ ಉಳಿದಿದೆ. ಹುಕ್ ಖಾಲಿ ಕೋಣೆ ಕಂಡ. ಕನ್ನಡಕ್ಕೆ ತಂದವರು ತುಂಬಿದ ಒರೆ ಕಂಡರು. ನಿಜಕ್ಕೆ ಹತ್ತಿರ ಇರುವುದು ಎರಡನೆಯದು.

ಗೂಡು ಅಚ್ಚ ಕನ್ನಡದ ಪದ, ತಮಿಳಿನಲ್ಲಿ ಕೂಡು. ಹಕ್ಕಿಗೂಡು, ಜೇನುಗೂಡು, ದೀಪದ ಗೂಡು, ಗೂಡಂಗಡಿ. ಮೈಯಲ್ಲೂ ಗೂಡು ಕಟ್ಟಿದ್ದೇವೆ: ಎದೆಗೂಡು, ಕಣ್ಣಗೂಡು. ಪಕ್ಕೆಲುಬಿನ ಕಟ್ಟನ್ನು ಇಂಗ್ಲಿಷಿನವರು ಪಂಜರ ಎನ್ನುತ್ತಾರೆ. ಒಳಗಿನ ಗುಂಡಿಗೆ ಅವರಿಗೆ ಕೈದಿ, ನಮಗೆ ಮರಿ.

ಮುಳುಗುವ ಬಟ್ಟಲು

ಘಟ ಎಂದರೆ ಮಡಕೆ, ಘಟಿಕಾ ಎಂದರೆ ಪುಟ್ಟ ಮಡಕೆ. ಅದು ಕನ್ನಡದಲ್ಲಿ ಗಡಿಗೆ ಆಯಿತು. ಗಳಿಗೆಯೂ ಆಯಿತು. ಮಡಕೆ ಹೊತ್ತಾದದ್ದು ಹೇಗೆ ಎಂದು ನೋಡಲು ಒಂದು ಬಟ್ಟಲು ಸಾಕು.

ತೆಳ್ಳಗಿನ ತಾಮ್ರದ ಬಟ್ಟಲು. ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ದೊಡ್ಡ ಪಾತ್ರೆಯ ಮೇಲೆ ಅದನ್ನು ತೇಲಿಬಿಡುತ್ತಾರೆ. ತೂತಿನಿಂದ ನೀರು ಒಳಗೆ ಜಿನುಗುತ್ತದೆ. ಮೊದಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಬಟ್ಟಲು ನಿಧಾನವಾಗಿ ಭಾರವಾಗುತ್ತದೆ, 'ಗುಳುಂ' ಎಂದು ಮುಳುಗುತ್ತದೆ. ಕಾಯುತ್ತ ಕೂತವನು ಜಾಗಟೆ ಬಾರಿಸಿ, ಬಟ್ಟಲೆತ್ತಿ, ನೀರು ಚೆಲ್ಲಿ ಮತ್ತೆ ತೇಲಿಬಿಡುತ್ತಾನೆ. ಬಟ್ಟಲು ಒಮ್ಮೆ ಮುಳುಗಲು 24 ನಿಮಿಷ ಹಿಡಿಯುವ ಹಾಗೆ ತೂತನ್ನು ಅಳೆದು ಕೊರೆದಿರುತ್ತಾರೆ. ಹಗಲು ರಾತ್ರಿ ಸೇರಿ 60 ಸಲ ಮುಳುಗಿದರೆ ಒಂದು ದಿನ. ಆ ಬಟ್ಟಲಿಗೆ ಗಳಿಗೆ ಬಟ್ಟಲು ಎಂದೇ ಹೆಸರು. ಬಟ್ಟಲಿನ ಹೆಸರು ಅದು ಮುಳುಗುವ ಹೊತ್ತಿಗೆ ಬಂತು.

ಗಡಿಯಾರವೂ ಇದೇ ಬಳಗದ್ದು. ಕೈಗೆ ಕಟ್ಟಿದ ಗಡಿಯಾರದಲ್ಲಿ ಒಂದು ಹನಿ ನೀರು ಹೋದರೂ ಕೆಟ್ಟಿತು ಎನ್ನುತ್ತೇವೆ. ಅದರ ಹೆಸರಿನೊಳಗೆ ಮಾತ್ರ ಒಂದು ಮಡಕೆ ನೀರು ಇದೆ. 'ಅರೆಗಳಿಗೆ ಕೂತ್ಕೋ, ಬಂದೆ' ಎಂದವರು ಲೆಕ್ಕದ ಪ್ರಕಾರ 12 ನಿಮಿಷದಲ್ಲಿ ಬರಬೇಕು. ಬರುವುದಿಲ್ಲ, ಅದು ಬೇರೆ ವಿಷಯ.

ಪಾತ್ರೆ ಹೀಗೆ ಅಳತೆಯಾಗುವುದು ಹೊಸದೇನಲ್ಲ. ದ್ರೋಣ ಮರದ ತೊಟ್ಟಿ, ಧಾನ್ಯದ ಅಳತೆಯೂ ಹೌದು. ಮಹಾಭಾರತದ ದ್ರೋಣರಿಗೆ ಆ ಹೆಸರು ಬಂದದ್ದು ಅಂಥ ಪಾತ್ರೆಯಲ್ಲಿ ಹುಟ್ಟಿದ್ದರಿಂದ. ಭಾರ ಅಳೆಯುವ ಟನ್ ಮೊದಲು ಟನ್ ಎಂಬ ದೊಡ್ಡ ಪೀಪಾಯಿ. ಕಚ್ಚಾ ತೈಲದ ಬೆಲೆಯನ್ನು ಇವತ್ತಿಗೂ ಬ್ಯಾರೆಲ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಬ್ಯಾರೆಲ್ ಸುಮಾರು 159 ಲೀಟರ್. ಎಣ್ಣೆ ಹೋಗುವುದು ಕೊಳವೆಯಲ್ಲಿ, ದೊಡ್ಡ ಹಡಗಿನಲ್ಲಿ. ಪೀಪಾಯಿ ಉಳಿದಿರುವುದು ಸುದ್ದಿಯಲ್ಲಿ ಮಾತ್ರ.

ಹಣ ಮೊದಲೋ ಪೆಟ್ಟಿಗೆ ಮೊದಲೋ

ಗಲ್ಲಾ ಪದವನ್ನು ತೆಗೆದುಕೊಳ್ಳಿ. ಅರಬ್ಬಿಯಲ್ಲಿ ಅದು ಹೊಲದ ಫಸಲು, ಫಸಲಿನಿಂದ ಬರುವ ಆದಾಯ. ಹಿಂದಿ, ಉರ್ದುವಿನಲ್ಲಿ ಧಾನ್ಯ. ಧಾನ್ಯ ಮಾರಿದ ಹಣವೂ ಗಲ್ಲಾ, ಆ ಹಣ ಹಾಕುವ ಪೆಟ್ಟಿಗೆಯೂ ಗಲ್ಲಾ. ಒಳಗಿದ್ದದ್ದರ ಹೆಸರು ಹೊರಗಿನದ್ದಕ್ಕೆ ಬಂತು.

ಕ್ಯಾಶ್ ಸರಿಯಾಗಿ ತಿರುಗಾಮುರುಗಾ. ಲ್ಯಾಟಿನ್ನಿನ ಕಾಪ್ಸಾ ಎಂದರೆ ಪೆಟ್ಟಿಗೆ. ಇಟಲಿಯವರ ಕಾಸ್ಸಾ, ಫ್ರೆಂಚರ ಕೇಸ್ ಎರಡೂ ಹಣದ ಪೆಟ್ಟಿಗೆ. ಅದು ಇಂಗ್ಲಿಷಿನಲ್ಲಿ ಕ್ಯಾಶ್ ಆಗಿ, ಪೆಟ್ಟಿಗೆ ಬಿಟ್ಟು ಒಳಗಿನ ಹಣಕ್ಕೆ ಅಂಟಿತು. ಸೂಟ್‌ಕೇಸಿನ ಕೇಸ್, ಮಾತ್ರೆಯ ಕ್ಯಾಪ್ಸೂಲ್ ಇದರ ಒಡಹುಟ್ಟಿದವು. ನಮ್ಮ ಕಾಸು ಮಾತ್ರ ಈ ಮನೆಯದ್ದಲ್ಲ, ಅದು ಬೇರೆಯೇ ನಾಣ್ಯ. ಸದ್ದು ನಂಬಬೇಡಿ ಎಂದು ಮೊದಲೇ ಹೇಳಿದ್ದೆನಲ್ಲ.

ಸಿನಿಮಾದವರ ಗಲ್ಲಾಪೆಟ್ಟಿಗೆಯಂತೂ ಸೊಗಸಾದ ತಪ್ಪು. ಬಾಕ್ಸ್ ಆಫೀಸಿನ ಬಾಕ್ಸ್ ದುಡ್ಡಿನ ಪೆಟ್ಟಿಗೆ ಅಲ್ಲ. ಹಳೆಯ ಇಂಗ್ಲಿಷ್ ನಾಟಕಶಾಲೆಯಲ್ಲಿ ಸಿರಿವಂತರು ಕೂರುವ ಪ್ರತ್ಯೇಕ ಗೂಡುಗಳಿಗೆ ಬಾಕ್ಸ್ ಎನ್ನುತ್ತಿದ್ದರು. ಆ ಗೂಡುಗಳನ್ನು ಕಾದಿರಿಸುವ ಕಚೇರಿ ಬಾಕ್ಸ್ ಆಫೀಸ್. ಕನ್ನಡದಲ್ಲಿ ಅದು ಹಣದ ಪೆಟ್ಟಿಗೆಯಾಗಿ ಕೇಳಿಸಿತು. ಕೇಳಿಸಿದ್ದು ತಪ್ಪಾದರೂ ಪದ ಎಷ್ಟು ಗಟ್ಟಿಯಾಗಿ ಕೂತಿತು ನೋಡಿ. ಗಲ್ಲಾಪೆಟ್ಟಿಗೆ ತುಂಬಿತು ಅಂದರೆ ಯಾರಿಗೂ ವಿವರಣೆ ಬೇಡ.

ಬಜೆಟ್ ಹಳೆಯ ಫ್ರೆಂಚಿನ ಬೂಜೆಟ್, ಪುಟ್ಟ ಚರ್ಮದ ಚೀಲ. 18ನೇ ಶತಮಾನದ ಬ್ರಿಟನ್ನಿನಲ್ಲಿ ಹಣಕಾಸಿನ ಲೆಕ್ಕ ಮಂಡಿಸುವುದಕ್ಕೆ 'ಚೀಲ ಬಿಚ್ಚುವುದು' ಎನ್ನತೊಡಗಿದರು. ಖಜಾನೆ ಅರಬ್ಬಿ, ಕೂಡಿಡುವುದು ಎಂಬ ಅರ್ಥದ ಬೇರಿನಿಂದ ಬಂದದ್ದು. ಅದೇ ಬೇರಿನ ಮಖ್ಜನ್ ಎಂಬ ಉಗ್ರಾಣ ಯುರೋಪಿಗೆ ಹೋಗಿ ಮ್ಯಾಗಜೀನ್ ಆಯಿತು. ಮದ್ದುಗುಂಡಿನ ಉಗ್ರಾಣಕ್ಕೂ ಬಂದೂಕಿನ ಗುಂಡಿನ ಗೂಡಿಗೂ ಆ ಹೆಸರು. 1731ರಲ್ಲಿ ಲಂಡನ್ನಿನಲ್ಲಿ ಶುರುವಾದ ಒಂದು ಪತ್ರಿಕೆ, ತಾನು ಬರಹಗಳ ಉಗ್ರಾಣ ಎಂಬ ಅರ್ಥದಲ್ಲಿ ಹೆಸರಿನಲ್ಲೇ ಮ್ಯಾಗಜೀನ್ ಎಂದು ಹಾಕಿಕೊಂಡಿತು. ಅಂದಿನಿಂದ ಓದುವ ಮ್ಯಾಗಜೀನೂ ಇದೆ.

ಜೇಬಿನೊಳಗೆ ಒಂದು ಬಿಲ್ಲು

ಕಿಸೆ, ಜೇಬು ಎರಡೂ ಅರಬ್ಬಿ ಮೂಲದವು. ಕೀಸ್ ಎಂದರೆ ಚೀಲ. ಜೈಬ್ ಎಂದರೆ ನಿಲುವಂಗಿಯ ಎದೆಯ ಮೇಲಿನ ಸೀಳು, ಆಮೇಲೆ ಜೇಬು. ಈ ಜೈಬ್ ಒಮ್ಮೆ ಗಣಿತದ ದಾರಿಗೆ ಅಡ್ಡ ಬಂತು.

ಆರ್ಯಭಟ 499ರ ಸುಮಾರಿಗೆ ಬರೆದ ಗಣಿತದಲ್ಲಿ ಜ್ಯಾ ಎಂಬ ಮಾತು ಬರುತ್ತದೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಮಾನನ್ನು ಬಿಲ್ಲು ಎಂದುಕೊಂಡರೆ ಅದರ ಎರಡು ತುದಿ ಸೇರಿಸುವ ಗೆರೆ ಹೆದೆ. ಆ ಹೆದೆಯ ಅರ್ಧವೇ ಈಗಿನ ಸೈನ್. ಜ್ಯಾಕ್ಕೆ ಜೀವಾ ಎಂಬ ಹೆಸರೂ ಇತ್ತು. ಅರಬ್ ಗಣಿತಜ್ಞರು ಅದನ್ನು ಕೇಳಿದ ಹಾಗೆಯೇ ಜೀಬ ಎಂದು ಬರೆದುಕೊಂಡರು. ಅರಬ್ಬಿಯಲ್ಲಿ ಅದಕ್ಕೆ ಅರ್ಥವೇನೂ ಇರಲಿಲ್ಲ. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯದೆ ಬಿಡುವುದು ರೂಢಿ. ಹಾಗಾಗಿ ಬರೆದದ್ದನ್ನು ನೋಡಿದರೆ ಜೀಬವೂ ಒಂದೇ, ಜೈಬೂ ಒಂದೇ. ಓದುವವರು ತಮಗೆ ಗೊತ್ತಿದ್ದ ಜೈಬನ್ನೇ ಓದಿದರು. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದ ಮಾಡಿದವರು ಅದರ ಅರ್ಥ ಹುಡುಕಿ ಸಿನುಸ್ ಎಂದು ಬರೆದರು. ಬಟ್ಟೆಯ ಮಡಿಕೆ, ಎದೆಯ ಟೊಳ್ಳು ಎಂಬ ಅರ್ಥದ ಪದ. ಬಿಲ್ಲಿನ ಹೆದೆ ಜೇಬಾಯಿತು, ಜೇಬು ಸೈನ್ ಆಯಿತು.

ನೆಗಡಿ ಜಾಸ್ತಿಯಾದಾಗ ಹಣೆಯ ಹಿಂದೆ ನೋಯುವ ಸೈನಸ್ ಕೂಡ ಅದೇ ಲ್ಯಾಟಿನ್ ಪದ. ತಲೆಬುರುಡೆಯ ಟೊಳ್ಳು ಅದು. ಶಾಲೆಯಲ್ಲಿ ಸೈನ್, ಕೊಸೈನ್ ಕೇಳಿ ತಲೆನೋವು ಬಂತು ಅಂದವರ ಮಾತನ್ನು ಇನ್ನುಮುಂದೆ ಸ್ವಲ್ಪ ಗೌರವದಿಂದ ಕೇಳಬೇಕು.

ಕುಡಿಯುವುದರಿಂದ ಶುರುವಾದದ್ದು

ಕೊನೆಗೆ ಪಾತ್ರೆ. ಸಂಸ್ಕೃತದಲ್ಲಿ ಪಾತ್ರ. 'ಪಾ' ಎಂದರೆ ಕುಡಿ. 'ತ್ರ' ಸೇರಿದರೆ ಆ ಕೆಲಸಕ್ಕೆ ಬೇಕಾದ ಸಲಕರಣೆ. ಕತ್ತರಿಸುವ ಸಲಕರಣೆ ಶಸ್ತ್ರ, ಮುಂದೆ ದಾರಿ ತೋರಿಸಿ ನಡೆಸುವುದು ನೇತ್ರ, ಮೈ ಹೊದಿಸುವುದು ವಸ್ತ್ರ. ಹಾಗೆಯೇ ಕುಡಿಯಲು ಬೇಕಾದದ್ದು ಪಾತ್ರ. ಕುಡಿಯುವ ಬಟ್ಟಲಷ್ಟೇ ಆಗಿದ್ದದ್ದು ಮೆಲ್ಲಗೆ ಎಲ್ಲ ಪಾತ್ರೆಗೂ ಹೆಸರಾಯಿತು. ನೀರು ಹರಿಯುವ ತಗ್ಗಿಗೂ ಬಂತು, ಅದು ನದಿಯ ಪಾತ್ರ.

ಅಲ್ಲಿಂದ ಮನುಷ್ಯನಿಗೆ. ಹಾಕಿದ್ದನ್ನು ಸೋರದೆ ಹಿಡಿದಿಟ್ಟುಕೊಳ್ಳುವುದು ಒಳ್ಳೆಯ ಪಾತ್ರೆಯ ಗುಣ. ಕೊಟ್ಟದ್ದನ್ನು ಉಳಿಸಿಕೊಳ್ಳುವ ಯೋಗ್ಯತೆ ಇರುವವನು ಪಾತ್ರ. ಇಲ್ಲದವನಿಗೆ ಕೊಟ್ಟರೆ ಅಪಾತ್ರ ದಾನ, ಅಂದರೆ ತೂತಿನ ಬಟ್ಟಲಿಗೆ ಹಾಲು ಹೊಯ್ದ ಹಾಗೆ. ಪ್ರೀತಿಪಾತ್ರ, ನಂಬಿಕೆಗೆ ಪಾತ್ರ, ಕೃಪೆಗೆ ಪಾತ್ರ. ನಾಟಕದಲ್ಲಿ ಕವಿ ಬರೆದದ್ದನ್ನು ತನ್ನೊಳಗೆ ತುಂಬಿಕೊಂಡು ನಿಲ್ಲುವವನೂ ಪಾತ್ರವೇ. ಕನ್ನಡ ಬರವಣಿಗೆಯಲ್ಲಿ ಇವೆರಡನ್ನೂ ಬೇರೆ ಮಾಡಿದ್ದು ಒಂದು ಎತ್ವ. ತೊಳೆಯುವುದು ಪಾತ್ರೆ, ಮಾಡುವುದು ಪಾತ್ರ. ಮಾತಿನಲ್ಲಿ ಅದೂ ಎಷ್ಟೋ ಸಲ ಉಳಿಯುವುದಿಲ್ಲ, 'ಪಾತ್ರ ತೊಳೆದೆ' ಅಂತಲೇ ಹೇಳಿಬಿಡುತ್ತೇವೆ.

ಪತ್ರಿಕೆಗಳಿಗಂತೂ ಈ ಪದ ಇಲ್ಲದೆ ದಿನ ಸಾಗುವುದಿಲ್ಲ. ಒಬ್ಬರು ಮೆಚ್ಚುಗೆಗೆ ಪಾತ್ರರಾಗುತ್ತಾರೆ, ಇನ್ನೊಬ್ಬರು ಟೀಕೆಗೆ. 'ಟೀಕೆಗೆ ಪಾತ್ರರಾಗಿದ್ದ ಸಚಿವರನ್ನು ಬಜೆಟ್‌ಗೆ ಎರಡು ದಿನ ಮುಂಚೆ ಸಂಪುಟದಿಂದ ಕೈಬಿಡಲಾಗಿದೆ' ಎಂಬ ಸಾಲು ಓದಿದರೆ ಯಾರಿಗೂ ಏನೂ ವಿಶೇಷ ಅನ್ನಿಸುವುದಿಲ್ಲ. ಹಳೆಯ ಅರ್ಥ ಇಟ್ಟುಕೊಂಡು ಅದನ್ನೇ ಇನ್ನೊಮ್ಮೆ ಓದಿ. ಬೈಗುಳ ಕುಡಿಯುವ ಬಟ್ಟಲಾಗಿದ್ದವರನ್ನು ಮುಚ್ಚಳದ ಡಬ್ಬಿಯಿಂದ ತೆಗೆದು ಹೊರಗೆ ಇಟ್ಟಿದ್ದಾರೆ, ಚರ್ಮದ ಚೀಲ ಬಿಚ್ಚುವುದಕ್ಕೆ ಎರಡು ದಿನ ಮುಂಚೆ.